ಬಿರುಗಾಳಿಗೆ ಕಪ್ಪ ತೆರುವ ಕಡಲತೀರ

ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ಮೂಲೆಯಲ್ಲಿ, ಸಮುದ್ರದೊಳಕ್ಕೆ ಚಾಚಿದ ಹೆಬ್ಬೆರಳಿನಂತಿರುವ ರಾಜ್ಯವೇ ಫ್ಲಾರಿಡಾ. ಅದರ ಪಶ್ಚಿಮ ಕರಾವಳಿಯಲ್ಲಿ ಫೋರ್ಟ್ ಮೈಯರ್ಸ್ ಎಂಬ ನಗರವಿದೆ. ವಿದ್ಯುದ್ದೀಪದ ಎಡಿಸನ್ ಮಹಾಶಯನು ಚಳಿಗಾಲ ಕಳೆಯಲು ಮನೆ ಕಟ್ಟಿಸಿಕೊಂಡದ್ದು ಇಲ್ಲಿಯೇ. ನಗರವನ್ನು ಬಿಟ್ಟು ಕಡಲಿನತ್ತ ಸಾಗಿ, ಸೀಗಡಿ ಹಿಡಿಯುವ ದೋಣಿಗಳು ತಂಗುವ ಸ್ಯಾನ್ ಕಾರ್ಲೋಸ್ ನಡುಗಡ್ಡೆಯನ್ನು ಹಾದು, ಎತ್ತರದ ಸೇತುವೆಯೊಂದನ್ನು ಏರಿ ಇಳಿದರೆ ಎಸ್ಟೆರೋ ದ್ವೀಪ. ಉದ್ದ ಏಳು ಮೈಲಿ; ಅಗಲವೋ, ನಡೆಯತೊಡಗಿದವನು ಬೆವರುವುದರೊಳಗೆ ಮುಗಿದುಹೋಗುತ್ತದೆ. ಬಿಳಿಯ ಮರಳು, ಹಸುರು ನೀಲಿ ಬೆರೆತ ಶಾಂತವಾದ ನೀರು, ಅಲೆಗಳನ್ನು ತಾಕುವಂತೆ ಸಾಲಾಗಿ ಹಾರುವ ಹೆಜ್ಜಾರ್ಲೆಗಳು. ಇದನ್ನು ಸ್ವರ್ಗವೆಂದು ಇಲ್ಲಿಯವರು ಕರೆದರೆ ಅದರಲ್ಲಿ ಅತಿಶಯೋಕ್ತಿಯೇನೂ ಇಲ್ಲ.

ಆದರೆ ಬೀದಿಗಳಲ್ಲಿ ಅಡ್ಡಾಡಿದವನಿಗೆ ಬೇರೊಂದು ನೋಟ ಕಾಣುತ್ತದೆ. ನೆಲಕ್ಕೆ ಅಂಟಿಕೊಂಡಂತಿರುವ ಹಳೆಯ ಪುಟ್ಟ ಮನೆಯೊಂದು. ಅದರ ಪಕ್ಕದಲ್ಲಿ ಹುಲ್ಲು ಬೆಳೆದ ಖಾಲಿ ನಿವೇಶನ, ಮಾರಾಟದ ಹಲಗೆ. ಅದರಾಚೆ ಕಾಂಕ್ರೀಟಿನ ಕಂಬಗಳ ಮೇಲೆ ನಮ್ಮೂರ ನೀರಿನ ಟ್ಯಾಂಕಿನಂತೆ ಎದ್ದು ನಿಂತ ಭಾರಿ ಹೊಸಮನೆ.

2022ರ ಸೆಪ್ಟೆಂಬರ್ 28ರಂದು 'ಇಯಾನ್' ಎಂಬ ಚಂಡಮಾರುತ ಇಲ್ಲಿಗೆ ಬಂತು. ಗಾಳಿಯ ವೇಗ ಗಂಟೆಗೆ 150 ಮೈಲಿ. ಅದಕ್ಕಿಂತ ಘೋರವಾದದ್ದು ನೀರು: ಸಮುದ್ರವು ಹತ್ತರಿಂದ ಹದಿನೈದು ಅಡಿ ಎತ್ತರಕ್ಕೆ ಉಬ್ಬಿ ದ್ವೀಪದ ಮೇಲೆ ಹರಿಯಿತು. ಸೀಗಡಿ ದೋಣಿಗಳು ನೆಲದ ಮೇಲೆ ಒಂದರ ಮೇಲೊಂದು ಬಿದ್ದವು. ಫ್ಲಾರಿಡಾದಲ್ಲಿ ಸುಮಾರು 150 ಮಂದಿ ಸತ್ತರು.

ಬಿರುಗಾಳಿ ಒಂದು ದಿನದ ಮಾತು. ಅದರ ಅನಂತರ ವರ್ಷಕ್ಕೊಮ್ಮೆ ಅಂಚೆಯಲ್ಲಿ ಬರುವ ವಿಮೆಯ ಕಾಗದವೇ ಇಂದು ಇಲ್ಲಿ ಯಾರಿರಬೇಕು, ಯಾರು ಹೋಗಬೇಕು ಎಂಬುದನ್ನು ತೀರ್ಮಾನಿಸುತ್ತಿದೆ. ನಮ್ಮಲ್ಲಿ ವಿಮೆಯೆಂದರೆ ಸಾಮಾನ್ಯವಾಗಿ ಜೀವವಿಮೆ. ಮನೆಗೆ ವಿಮೆ ಮಾಡಿಸುವವರು ವಿರಳ. ಅಲ್ಲಿ ಹಾಗಲ್ಲ. ಸಾಲ ಕೊಟ್ಟ ಬ್ಯಾಂಕು ಮನೆಗೆ ವಿಮೆಯಿಲ್ಲದೆ ಒಪ್ಪುವುದಿಲ್ಲ.

ಒಬ್ಬ ನಿವೃತ್ತ ಉಪಾಧ್ಯಾಯಿನಿಯನ್ನು ಕಲ್ಪಿಸಿಕೊಳ್ಳಿ. ಮನೆಯನ್ನು ನಾಲ್ಕು ಲಕ್ಷ ಡಾಲರಿಗೆ ವಿಮೆ ಮಾಡಿಸಿದ್ದಾಳೆ. ಚಂಡಮಾರುತದ ನಷ್ಟದಲ್ಲಿ ಮೊದಲ ಪಾಲು, ಸಾಮಾನ್ಯವಾಗಿ ವಿಮೆಯ ಮೊತ್ತದ ನೂರಕ್ಕೆ ಎರಡು, ಅವಳದೇ. ಎಂದರೆ ಎಂಟು ಸಾವಿರ ಡಾಲರು. ಅದೂ ಗಾಳಿಯಿಂದಾದ ಹಾನಿಗೆ ಮಾತ್ರ. ಸಮುದ್ರದ ನೀರು ನುಗ್ಗಿದರೆ ಈ ವಿಮೆ ಉಪಯೋಗಕ್ಕೆ ಬಾರದು. 1968ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಪ್ರವಾಹ ವಿಮೆಯನ್ನಾಗಲಿ, ಅಂಥ ಇನ್ನೊಂದನ್ನಾಗಲಿ ಬೇರೆಯೇ ಕೊಳ್ಳಬೇಕು. ಗೋಡೆಯನ್ನು ಮೊದಲು ಕೆಡವಿದ್ದು ಗಾಳಿಯೋ ನೀರೋ ಎಂದು ಕುಸಿದ ಮನೆಯ ಮುಂದೆ ವಾದಿಸುವುದಕ್ಕಿಂತ ಕ್ರೂರವಾದ ತರ್ಕಶಾಸ್ತ್ರವನ್ನು ನಾವು ಕಂಡಿಲ್ಲ. ಇಷ್ಟಕ್ಕೂ ಮುಗಿಯಲಿಲ್ಲ. ರಿಪೇರಿಯ ವೆಚ್ಚ ಕಟ್ಟಡದ ಬೆಲೆಯ ಅರ್ಧವನ್ನು ಮುಟ್ಟಿತೆಂದರೆ, ಹಳೆಯ ಮನೆಯನ್ನು ಹಾಗೆಯೇ ಸರಿಪಡಿಸುವಂತಿಲ್ಲ. ಹೊಸ ನಿಯಮದಂತೆ ಎತ್ತರಿಸಿ ಕಟ್ಟಬೇಕು. ಕಂಬಗಳ ಮೇಲಿನ ಮನೆಗಳ ಗುಟ್ಟು ಇದು. ಖಾಲಿ ನಿವೇಶನಗಳ ಗುಟ್ಟೂ ಇದೇ.

ಕಂತು ಏರಿದ್ದೇಕೆ? 1992ರ ಆಗಸ್ಟಿನಲ್ಲಿ 'ಆಂಡ್ರ್ಯೂ' ಚಂಡಮಾರುತ ಮಿಯಾಮಿಯ ದಕ್ಷಿಣಕ್ಕೆ ಬಡಿದಾಗ ಹಲವು ವಿಮಾ ಸಂಸ್ಥೆಗಳು ದಿವಾಳಿಯೆದ್ದವು. ಆಮೇಲೆ ದೊಡ್ಡ ಸಂಸ್ಥೆಗಳು ಕೈ ಹಿಂದೆಗೆದುಕೊಂಡವು, ಸಣ್ಣವು ಬಂದವು. ಸಣ್ಣ ಸಂಸ್ಥೆಗೆ ಗಂಟು ಸಣ್ಣದು. ಆದ್ದರಿಂದ ಅದು ತನಗೂ ವಿಮೆ ಮಾಡಿಸಿಕೊಳ್ಳಬೇಕು. ಬರ್ಮುಡ, ಲಂಡನ್, ಜೂರಿಚ್‌ಗಳಲ್ಲಿ ಕುಳಿತ ಮರುವಿಮೆಯವರು ದರ ಏರಿಸಿದರೆ, ಆ ಭಾರ ನಮ್ಮ ಉಪಾಧ್ಯಾಯಿನಿಯ ಕಂತಿನಲ್ಲಿ ಬಂದು ಕೂರುತ್ತದೆ. ಜೊತೆಗೆ ವ್ಯಾಜ್ಯಗಳು. ಬಾಗಿಲು ತಟ್ಟಿ 'ಹೊಸ ಛಾವಣಿ ಪುಕ್ಕಟೆ' ಎನ್ನುವ ಗುತ್ತಿಗೆದಾರರೂ, ಅವರ ಬೆನ್ನಿಗೆ ವಕೀಲರೂ ಹೆಚ್ಚಿ, ಇಡೀ ದೇಶದ ಮನೆವಿಮೆಯ ದಾವೆಗಳಲ್ಲಿ ಮುಕ್ಕಾಲು ಪಾಲಿನಷ್ಟು ಈ ಒಂದು ರಾಜ್ಯದವೇ ಆಗಿದ್ದ ಕಾಲವಿತ್ತು. 2022ರ ಡಿಸೆಂಬರಿನಲ್ಲಿ ಶಾಸನಸಭೆ ಅದಕ್ಕೆ ಕಡಿವಾಣ ಹಾಕಿತು. ಮನೆ ಬಿದ್ದವನಿಗೆ ನ್ಯಾಯಾಲಯದ ದಾರಿಯೂ ಇದರಿಂದ ಕಿರಿದಾಯಿತೆಂದು ದೂರುವವರಿದ್ದಾರೆ. ಆ ದೂರನ್ನು ತಳ್ಳಿಹಾಕುವಂತಿಲ್ಲ.

ಯಾರೂ ವಿಮೆ ಕೊಡದವರಿಗೆಂದು 2002ರಲ್ಲಿ ರಾಜ್ಯವೇ 'ಸಿಟಿಜನ್ಸ್' ಎಂಬ ಸಂಸ್ಥೆಯನ್ನು ಕಟ್ಟಿತು. ಕಡೆಯ ಆಸರೆಯಾಗಬೇಕಾದದ್ದು 2023ರಲ್ಲಿ ಸುಮಾರು 14 ಲಕ್ಷ ಪಾಲಿಸಿಗಳೊಡನೆ ರಾಜ್ಯದಲ್ಲಿಯೇ ದೊಡ್ಡದಾಯಿತು. ಈಚೆಗೆ ಹೊಸ ಸಂಸ್ಥೆಗಳು ಬಂದು, 2025ರ ವೇಳೆಗೆ ಆ ಸಂಖ್ಯೆ ಹತ್ತು ಲಕ್ಷಕ್ಕಿಂತ ಕೆಳಗಿಳಿಯಿತು. ಏರುವ ವೇಗ ತಗ್ಗಿದೆ. ಏರಿದ ಕಂತು ಮಾತ್ರ ಹೆಚ್ಚಿನವರಿಗೆ ಹಿಂದಿನ ಮಟ್ಟಕ್ಕೆ ಇಳಿದಿಲ್ಲ. ನಡುವೆ 2024ರ ಸೆಪ್ಟೆಂಬರಿನಲ್ಲಿ 'ಹೆಲೀನ್', ಎರಡು ವಾರ ಕಳೆಯುವುದರೊಳಗೆ 'ಮಿಲ್ಟನ್' ಇದೇ ಕರಾವಳಿಯನ್ನು ಕಾಡಿದವು.

ಸಾಲ ತೀರಿಸಿದ ವೃದ್ಧರಲ್ಲಿ ಕೆಲವರು ವಿಮೆಯನ್ನೇ ಕೈಬಿಟ್ಟಿದ್ದಾರೆ. ಅವರನ್ನು ಒತ್ತಾಯಿಸಲು ಬ್ಯಾಂಕಿಲ್ಲ. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಆ ಆರು ತಿಂಗಳು ಕಿಟಕಿಗಳಿಗೆ ಹೊಂದಿಸಿ ಕತ್ತರಿಸಿದ ಪ್ಲೈವುಡ್ ಹಲಗೆಗಳನ್ನು ಗ್ಯಾರೇಜಿನಲ್ಲಿ ಜೋಡಿಸಿಟ್ಟು, ಸಂಜೆಯ ಹವಾವರ್ತಮಾನವನ್ನು ತಪ್ಪದೆ ಕೇಳುತ್ತಾರೆ.