ಪರದೆಯ ಈಚೆ

ಹೊರಗೆ ಕೆಂಟಕಿಯ ಚಳಿ, ಒಳಗೆ ನಿಮ್ಮ ಅಂಗೈಯಲ್ಲಿ ಬೆವರು. ಕುರ್ಚಿಯೆದುರು ಮುಖಗಳಿಲ್ಲ, ಪರದೆಯಿದೆ. ಆಚೆ ಯಾರೋ ಹಾಳೆ ಮಗುಚುತ್ತಾರೆ, ಯಾರೋ ಕೆಮ್ಮುತ್ತಾರೆ. ಹಿರಿಯ ಅಧಿಕಾರಿಗಳೇ. ಅಭ್ಯಾಸಬಲದಿಂದ ಬೆನ್ನು ನೆಟ್ಟಗಾಗುತ್ತದೆ. ನೋಡುವವರು ಮಾತ್ರ ಇಲ್ಲ.

2020ರ ಆರಂಭ. ಫೋರ್ಟ್ ನಾಕ್ಸ್ ಸೇನಾನೆಲೆ. ಪಕ್ಕದಲ್ಲೇ ಅಮೆರಿಕದ ಚಿನ್ನದ ಖಜಾನೆ; ಈಚೆ ಮನುಷ್ಯರನ್ನು ಒರೆಗೆ ಹಚ್ಚುತ್ತಿದ್ದಾರೆ. ನೀವು ಲೆಫ್ಟಿನೆಂಟ್ ಕರ್ನಲ್. ಕೇಳುತ್ತಿರುವುದು ಒಂದು ಬೆಟಾಲಿಯನ್, ಅಂದರೆ ನೂರಾರು ಜೀವಗಳ ಹೊಣೆ.

ಮೊದಲಾಗಿದ್ದರೆ ನೀವು ಬರಬೇಕಿರಲಿಲ್ಲ. ನಿಮ್ಮ ಕಡತ ಬರುತ್ತಿತ್ತು. ಆಯ್ಕೆ ಮಂಡಳಿಯ ಸದಸ್ಯರು ಒಂದೆರಡು ನಿಮಿಷ ಕಣ್ಣಾಡಿಸಿ ಅಂಕ ಹಾಕುತ್ತಿದ್ದರು. ಅದರಲ್ಲಿ ತೂಕವಿದ್ದದ್ದು ಮೇಲಧಿಕಾರಿಗಳ ಮಾತಿಗೆ. ಮೇಲಿನವರನ್ನು ಒಲಿಸಿಕೊಳ್ಳುವ ವಿದ್ಯೆ ನಿಮಗೆ ಗೊತ್ತು. ಯಾವ ಕಚೇರಿಯಲ್ಲಿ ಯಾರಿಗೆ ಗೊತ್ತಿಲ್ಲ?

ಈ ಸಲ ನಿಮ್ಮ ಕೈಕೆಳಗಿದ್ದವರನ್ನೂ ಕೇಳಿದ್ದಾರೆ. ಅವರು ಹೆಸರು ಹಾಕದೆ ಉತ್ತರಿಸಿದ್ದಾರೆ. ಏನು ಹೇಳಿದರೋ! ನೀವು ಓಡಿದ್ದಾಯಿತು, ತೂಗಿಸಿಕೊಂಡದ್ದಾಯಿತು, ಪ್ರಬಂಧ ಬರೆದು ಮನಶ್ಶಾಸ್ತ್ರಜ್ಞರೆದುರು ಕೂತು ಎದ್ದದ್ದೂ ಆಯಿತು. ತೊಡೆ ಇನ್ನೂ ಹಿಡಿದುಕೊಂಡಿದೆ.

ಈಗ ಈ ಸಂದರ್ಶನ. ಪರದೆ ವಾದ್ಯವೃಂದಗಳಿಂದ ಕಲಿತ ಉಪಾಯ. ಪಿಟೀಲು ನುಡಿಸುವವರು ಕಾಣದಿದ್ದರೆ ಕಿವಿ ನಾದಕ್ಕಷ್ಟೇ ಬೆಲೆ ಕಟ್ಟೀತೆಂಬ ನಂಬಿಕೆ. ಮೈಬಣ್ಣ, ಎತ್ತರ, ಎದೆಯ ಪದಕಗಳು ಆಚೆ ದಾಟವು. ದನಿ ದಾಟುತ್ತದೆ. ಹೆಣ್ಣೋ ಗಂಡೋ, ಯಾವ ಸೀಮೆಯವರೋ ಎಂಬುದನ್ನು ದನಿಯೇ ಹೇಳಿಬಿಡುತ್ತದಲ್ಲ? ಹೌದು, ಬಟ್ಟೆ ಅಷ್ಟನ್ನು ಮುಚ್ಚಲಾರದು.

"ನಿಮ್ಮ ಕೈಕೆಳಗಿನ ಒಬ್ಬರಿಗೆ ನಿಮ್ಮಿಂದ ಅನ್ಯಾಯವಾದದ್ದು ಯಾವಾಗ?"

ಹೊಟ್ಟೆಯಲ್ಲಿ ಏನೋ ಜಾರುತ್ತದೆ. ಸಿದ್ಧ ಉತ್ತರವೊಂದು ನಾಲಗೆಯ ತುದಿಯಲ್ಲಿದೆ: ಕೆಲಸದ ಹುಮ್ಮಸ್ಸಿನಲ್ಲಿ ಎಲ್ಲರನ್ನೂ ಹೆಚ್ಚು ದುಡಿಸಿದೆ. ತಪ್ಪಿನ ವೇಷದ ಹೊಗಳಿಕೆ. ಅದರ ಹಿಂದೆ ಇನ್ನೊಂದು ನೆನಪು ನಿಂತಿದೆ. ಅಮ್ಮನಿಗೆ ಹುಷಾರಿಲ್ಲ, ರಜೆ ಬೇಕು ಎಂದು ಮೇಜಿನೆದುರು ನಿಂತಿದ್ದ ಸಾರ್ಜೆಂಟ್. ನೀವು ಹಾಳೆಗಳಿಂದ ತಲೆಯೆತ್ತಲಿಲ್ಲ. ಆಗದು ಎಂದಿರಿ. ಅವನ ಬೂಟಿನ ಸದ್ದು ಬಾಗಿಲವರೆಗೆ ಹೋದದ್ದು ನೆನಪಿದೆ. ಮುಖ ನೆನಪಿಲ್ಲ.

ಹೆಸರು ಹಾಕದೆ ಉತ್ತರಿಸಿದವರಲ್ಲಿ ಅವನೂ ಇದ್ದನೆ? ಹೇಳಿದರೆ ಬೆಟಾಲಿಯನ್ ಹೋದೀತು. ಹೇಳದಿದ್ದರೆ? ಗಡಿಯಾರ ಟಿಕ್ ಎನ್ನುತ್ತದೆ. ಬಾಯಿ ಒಣಗಿದೆ. ಉಗುಳು ನುಂಗುತ್ತೀರಿ. ಆ ಸದ್ದೂ ಆಚೆ ಕೇಳಿಸಿರಬೇಕು.

"ಒಬ್ಬ ಸಾರ್ಜೆಂಟ್ ಇದ್ದ," ಎನ್ನುತ್ತೀರಿ.

ಆಚೆ ಪೆನ್ನಿನ ಸದ್ದು ನಿಲ್ಲುತ್ತದೆ.