ಬಾನೆಟ್ ಕೆಳಗಿನ ಖಾಲಿ ಜಾಗ

ಇಂಜಿನ್ ಇಳಿಸಿದ ಮೇಲೆ ಕಾರಿನ ಮುಂಭಾಗದಲ್ಲಿ ಉಳಿಯುವ ಖಾಲಿ ಜಾಗವನ್ನು ನೋಡುತ್ತ ಕೂರುವುದೂ ಒಂದು ಸುಖ. ಆ ಸುಖ ಹತ್ತಿದವರಿಗೆ ರಜೆಯ ದಿನ ಮನೆಗೆಲಸ ಹೇಳಿ ಪ್ರಯೋಜನವಿಲ್ಲ. ಭಾನುವಾರ ನವಿ ಮುಂಬಯಿಯ ಖಾರಘರದ ಜನ ಸೆಂಟ್ರಲ್ ಪಾರ್ಕಿಗೆ ಹೋಗುತ್ತಾರೆ, ಮಳೆಗಾಲದಲ್ಲಿ ಪೊಲೀಸರು ಬಿಟ್ಟರೆ ಪಾಂಡವಕಡಾ ಜಲಪಾತಕ್ಕೆ ಹೋಗುತ್ತಾರೆ. ನಾನು ಹೋಗುವುದು ತಳೋಜಾ ಎಂಐಡಿಸಿ ಕೈಗಾರಿಕಾ ಪ್ರದೇಶದ ಬಾಡಿಗೆ ಶೆಡ್ಡಿಗೆ.

ಅಲ್ಲಿ ನಿಂತಿರುವುದು ನಮ್ಮ ಬೆಂಗಳೂರಿನ ಸಿಪಾನಿ ಡಾಲ್ಫಿನ್. ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಕಾರನ್ನೇ ಹಿಡಿದು 1980ರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಗಾಡಿ. ಎರಡೇ ಬಾಗಿಲು, ಫೈಬರ್‌ಗ್ಲಾಸ್ ಮೈ, 848 ಸಿಸಿಯ ಅಲ್ಯೂಮಿನಿಯಂ ಇಂಜಿನ್, ಹಿಂದಿನ ಚಕ್ರಗಳಿಗೆ ಶಕ್ತಿ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, ಡಾಲ್ಫಿನ್‌ನ ಕಥೆ ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ನಾನಿದನ್ನು ಸ್ಪೋರ್ಟ್ಸ್ ಕಾರೆಂದರೆ, ಇದೂ ಒಂದು ಸ್ಪೋರ್ಟ್ಸ್ ಕಾರೇ ಎಂದು ಮೂಗು ಮುರಿಯುವವರಿದ್ದಾರೆ. ಆ ಕಾಲದ ರ್‍ಯಾಲಿಗಳಲ್ಲಿ ಈ ಹಗುರ ಗಾಡಿ ಹಿಂಬದಿ ಜಾರಿಸಿಕೊಂಡು ತಿರುವು ದಾಟುತ್ತಿದ್ದುದನ್ನು ಕಂಡವರು ಹಾಗೆ ಕೇಳುವುದಿಲ್ಲ.

ಮೂಲ ಇಂಜಿನ್ ಇಳಿಸಿ ಇದರೊಳಗೆ ಕೂರಿಸಬೇಕಾಗಿರುವುದು ಮಾರುತಿ ಜಿಪ್ಸಿಯ 1298 ಸಿಸಿ ಇಂಜಿನ್, ಕಾರ್ಬುರೇಟರ್ ಇರುವ ಹಳೆಯದು. ಅದೂ ಅಲ್ಯೂಮಿನಿಯಂ ಬ್ಲಾಕಿನದು, ಆದ್ದರಿಂದ ಮೂತಿ ಭಾರವಾಗುವ ಭಯ ಕಡಿಮೆ. ಜಿಪ್ಸಿಯಲ್ಲಿ ಇಂಜಿನ್ ಉದ್ದಕ್ಕೆ ಕೂತಿರುತ್ತದೆ. ನಾಲ್ಕು ಚಕ್ರಕ್ಕೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ನಡುವೆ ಒಂದು ಗಿಡ್ಡ ಶಾಫ್ಟ್ ಇಟ್ಟು ಬೇರೆಯಾಗಿ ಕೂರಿಸಿದ್ದಾರೆ. ಅದನ್ನು ಬಿಟ್ಟು ಇಂಜಿನ್ ಮತ್ತು ಗೇರ್‌ಬಾಕ್ಸನ್ನಷ್ಟೇ ಎತ್ತಿಕೊಂಡರೆ ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ ಜೋಡಿ. ಎಂಬತ್ತು ಕುದುರೆ ಶಕ್ತಿಯ ಹದಿನಾರು ವಾಲ್ವಿನದನ್ನೇ ಹಾಕು ಎಂದು ಗೆಳೆಯರ ಒತ್ತಾಯ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕಿರುವ ಕಾರಿಗೆ ಅಷ್ಟು ಶಕ್ತಿ ಕೊಡುವುದು ಶೌರ್ಯವಲ್ಲ, ಹುಂಬತನ.

ಮೊದಲ ಕೆಲಸಕ್ಕೆ ನಿಜವಾದ ಇಂಜಿನ್ ಬೇಡ. ಕ್ರ್ಯಾಂಕು, ಪಿಸ್ಟನ್ನು ಏನೂ ಇಲ್ಲದ ಬರಿ ಬ್ಲಾಕನ್ನು ಚೈನ್ ಪುಲ್ಲಿಗೆ ನೇತುಹಾಕಿ ಇಳಿಸಿ, ಎತ್ತಿ, ಓರೆ ಮಾಡಿ, ಮತ್ತೆ ಇಳಿಸುವುದು. ಇಂಜಿನ್ ತಳದ ಆಯಿಲ್ ಸಂಪ್ ಮುಂದಿನ ಅಡ್ಡಪಟ್ಟಿಗೆ ತಾಗುತ್ತದೆಯೇ? ಸ್ಟೀರಿಂಗ್ ರಾಡಿಗೆ ಎಷ್ಟು ಜಾಗ ಉಳಿಯಿತು? ರಬ್ಬರ್ ಮೌಂಟಿನ ಮೇಲೆ ಕೂತ ಇಂಜಿನ್ ಆಕ್ಸಿಲರೇಟರ್ ತುಳಿದಾಗಲೆಲ್ಲ ಪಕ್ಕಕ್ಕೆ ವಾಲುತ್ತದೆ. ನಿಂತಾಗ ತಾಗದ್ದು ಓಡುವಾಗ ತಾಗೀತು. ರಟ್ಟು ಕತ್ತರಿಸಿ ಬ್ರಾಕೆಟ್ಟಿನ ಆಕಾರ ಹುಡುಕುವುದರಲ್ಲಿ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಅಳತೆ ಒಪ್ಪಿದ ಮೇಲಷ್ಟೇ ಕಳಂಬೋಲಿ ಸ್ಟೀಲ್ ಮಾರ್ಕೆಟ್ಟಿನಿಂದ ಪ್ಲೇಟು ಬರುತ್ತದೆ.

ಶೆಡ್ಡಿನ ಫಿಟರ್ ಬೆಳಗಾವಿ ಕಡೆಯವರು. ನನಗೆ ಅವರು ಕಾಕಾ, ಅವರಿಗೆ ನಾನು ಸಾಹೇಬ. ಬ್ಲಾಕು ಒಳಗೆ ಕೂತಿತೆಂದು ನಾನು ಹಿಗ್ಗಿದಾಗ ಅವರು ತಲೆ ಕೂಡ ಎತ್ತಲಿಲ್ಲ. "ಇಂಜಿನ್ ಕೂಡೂದು ದೊಡ್ಡ ಮಾತಲ್ರೀ ಸಾಹೇಬ್ರ, ಒಳಗ ಸ್ಪ್ಯಾನರ್ ತಿರಗಬೇಕಲ್ಲ!" ಆಯಿಲ್ ಫಿಲ್ಟರ್ ಬಿಚ್ಚಲು ಕೈ ಹೋಗದ ಜೋಡಣೆ ಎಷ್ಟು ಚಂದವಿದ್ದರೂ ಅವರ ಲೆಕ್ಕದಲ್ಲಿ ಫೇಲು.

ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನದು ಇನ್ನೂ ಸೂಕ್ಷ್ಮ. ಅದರ ಎರಡು ತುದಿಯ ಜಾಯಿಂಟುಗಳ ಕೋನ ಸಮನಾಗಿರಬೇಕು. ಓರೆಯಾಗಿ ತಿರುಗುವ ಒಂದು ಜಾಯಿಂಟು ಪ್ರತಿ ಸುತ್ತಿನಲ್ಲೂ ವೇಗವನ್ನು ಏರಿಳಿಸುತ್ತದೆ, ಇನ್ನೊಂದು ಅದನ್ನು ಸರಿದೂಗಿಸುತ್ತದೆ. ಕೋನ ತಪ್ಪಿದರೆ ಕಾರು ನಡುಗುತ್ತದೆ, ಜಾಯಿಂಟಿನೊಳಗಿನ ಕ್ರಾಸ್ ಬೇಗ ಸವೆಯುತ್ತದೆ. ಹೀಗೆ ಮುಂದೆ ಇಂಜಿನ್ನಿನ ಬೆನ್ನು ಎಷ್ಟು ಬಾಗಬೇಕೆಂಬುದನ್ನು ಹಿಂದಿನ ಆಕ್ಸಲ್ ಹೇಳುತ್ತದೆ. ಹೊಸ ಮದುಮಗಳ ಕುಂಕುಮ ತಿದ್ದುವವರ ಹಾಗೆ ನಾವಿಬ್ಬರೂ ಮೌಂಟಿನ ಕೆಳಗೆ ತೆಳು ವಾಷರ್ ಇಟ್ಟು ತೆಗೆದು ಮಾಡುತ್ತೇವೆ.

ಫೈಬರ್ ಮೈಯಿಗೆ ತನ್ನದೇ ಹಠಗಳಿವೆ. ತಗಡಿನ ಕಾರಿನಲ್ಲಿ ಕರೆಂಟು ಬಾಡಿಯ ಮೂಲಕವೇ ಬ್ಯಾಟರಿಗೆ ಹಿಂದಿರುಗುತ್ತದೆ. ಇಲ್ಲಿ ಪ್ರತಿ ದೀಪಕ್ಕೂ, ಪ್ರತಿ ಮೋಟರಿಗೂ ಬೇರೆ ಅರ್ಥಿಂಗ್ ವೈರು ಎಳೆಯಬೇಕು. ಬಿಸಿಯಂತೂ ಅದಕ್ಕೆ ಆಗದು. ಸೈಲೆನ್ಸರ್ ಪೈಪು ಹತ್ತಿರ ಸುಳಿದರೆ ರಾಳ ಮೆತ್ತಗಾಗುತ್ತದೆ, ನಡುವೆ ಅಲ್ಯೂಮಿನಿಯಂ ತಗಡಿನ ಮರೆ ಕಟ್ಟಬೇಕು.

ಇಷ್ಟೆಲ್ಲ ಮಾಡಿ ಯಾವ ರಸ್ತೆಯಲ್ಲಿ ಓಡಿಸುತ್ತೀಯೆ ಎಂದು ಕೇಳುವವರಿಗೆ ಉತ್ತರ: ಸಾರ್ವಜನಿಕ ರಸ್ತೆಯಲ್ಲಿ ಓಡಿಸುವುದಿಲ್ಲ. ಕಂಪನಿ ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ರಸ್ತೆ ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯೇ, ಹಳೆ ಕಾರಿನ ಹುಚ್ಚರಿಗೆ ಸ್ವಲ್ಪ ಬಿಗಿ. ಈ ಡಾಲ್ಫಿನ್ ಇನ್ನು ಲಾರಿಯ ಬೆನ್ನೇರಿ ಖಾಸಗಿ ಮೈದಾನಕ್ಕೆ ಹೋಗಿ ಬರುವ ಗಾಡಿ.

ಆದರೆ ಚಾಸಿಯಲ್ಲಿ ಒಂದು ಪಟ್ಟಿಯನ್ನೂ ನಾವು ಕೊಯ್ದಿಲ್ಲ. ಹೊಸ ಬ್ರಾಕೆಟ್ಟುಗಳೆಲ್ಲ ಬೋಲ್ಟಿನವು, ಬಿಚ್ಚಿದರೆ ಕಾರು ಮೊದಲಿನಂತೆ. ಮೂಲ ಇಂಜಿನ್ ಗ್ರೀಸು ಬಳಿದುಕೊಂಡು ಶೆಡ್ಡಿನ ಮೂಲೆಯಲ್ಲಿದೆ, ಆರ್‌ಸಿ ಬುಕ್ಕಿನಲ್ಲಿರುವ ನಂಬರೂ ಅದರದೇ. ಆ ಇಂಜಿನ್ನಿಗೆ ಬಿಡಿಭಾಗ ಸಿಗುವುದೇ ಈಗಿನ ದೊಡ್ಡ ಕಷ್ಟ. ನಿಮ್ಮೂರಿನ ಯಾವುದೋ ಗ್ಯಾರೇಜಿನ ಹಿಂದೆ ಹುಲ್ಲು ಬೆಳೆದ ಡಾಲ್ಫಿನ್ ನಿಂತಿದ್ದರೆ ದಯವಿಟ್ಟು ಗುಜರಿಗೆ ತೂಕಕ್ಕೆ ಹಾಕಬೇಡಿ. ಗೇರ್‌ಬಾಕ್ಸ್, ಕಾರ್ಬುರೇಟರ್, ಹಿಂದಿನ ಆಕ್ಸಲ್, ಇಷ್ಟನ್ನಾದರೂ ಬಿಚ್ಚಿ ಎತ್ತಿಡಿ.