ದೊಡ್ಡ ಪರದೆಯೂ ಪರಿಗ್ರಹ ಪರಿಮಾಣವೂ

2018ರ ಫೆಬ್ರವರಿಯಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಸಕುಟುಂಬವಾಗಿ ಹೋಗಿದ್ದೆ. ಅಲ್ಲಿ ಮುನಿಮಹಾರಾಜರೊಬ್ಬರ ಸನ್ನಿಧಿಯಲ್ಲಿ ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸಿ, ಊರಿಗೆ ಮರಳಿದ ಮೇಲೆ ವರ್ತಕನ ಹಳೆಯ ಅಭ್ಯಾಸದಂತೆ ಅದನ್ನೊಂದು ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟೆ. ಕ್ಷೇತ್ರ ಇಷ್ಟು, ವಾಸ್ತು ಇಷ್ಟು, ಸುವರ್ಣ ಇಷ್ಟು ಎಂದು ಮೊದಲ ಪುಟ; ಗೃಹೋಪಯೋಗಿ ವಸ್ತುಗಳದು ಎರಡನೆಯ ಪುಟ. ಆ ಎರಡನೆಯ ಪುಟದ ಹನ್ನೊಂದನೆಯ ಸಾಲಿನಲ್ಲಿ ‘ದೂರದರ್ಶನ ಯಂತ್ರ: ಒಂದು’ ಎಂದಿದೆ. ಏಳು ವರ್ಷಗಳ ಕಾಲ ಆ ಸಾಲು ನನಗೆ ಯಾವ ತೊಂದರೆಯನ್ನೂ ಕೊಡಲಿಲ್ಲ. 2025ರ ದೀಪಾವಳಿಗೆ ಮುನ್ನ ಕೊಟ್ಟಿತು.

ನಾವಿರುವುದು ಪುಟ್ಟೇನಹಳ್ಳಿಯಲ್ಲಿ. ಯಲಹಂಕದ ಕಡೆಯ ಪುಟ್ಟೇನಹಳ್ಳಿಯಲ್ಲ, ಜೆ.ಪಿ. ನಗರ 7ನೆಯ ಹಂತದ ಬದಿಯದು. (ಎರಡೂ ಕಡೆ ಕೆರೆಯಿರುವುದರಿಂದ ನಮ್ಮ ಬಂಧುಗಳು ಆಗಾಗ ದಾರಿ ತಪ್ಪುತ್ತಾರೆ.) ಇಲ್ಲಿಯ ಕೆರೆ ಒಂದು ಕಾಲಕ್ಕೆ ಕಸದ ಹೊಂಡವಾಗಿತ್ತು. 2010ರಲ್ಲಿ ನಿವಾಸಿಗಳೇ ಟ್ರಸ್ಟ್ ರಚಿಸಿಕೊಂಡು ಅದರ ಪುನರುಜ್ಜೀವನಕ್ಕೆ ಕೈಹಾಕಿದರು. ಈಗ ಅಲ್ಲಿ ಹೆಜ್ಜಾರ್ಲೆಗಳು ತೇಲುತ್ತವೆ. ನಮ್ಮ ಮನೆಯ ನಡುಮನೆಗೆ ಆ ದಿಕ್ಕಿನಿಂದಲೇ ಮಧ್ಯಾಹ್ನದ ಬಿಸಿಲು ಬೀಳುತ್ತದೆ. ಈ ಬಿಸಿಲಿನ ಮಾತು ಮುಂದೆ ಬೇಕಾಗುತ್ತದೆ.

ವಿದೇಶದಲ್ಲಿರುವ ನನ್ನ ಕಿರಿಯ ಮಗ ಆ ಬೇಸಿಗೆಯಲ್ಲಿ ಬಂದಾಗ ಅಣ್ಣನ ಮಗನಿಗೆ ಪ್ಲೇಸ್ಟೇಷನ್ 5 ಎಂಬ ಆಟದ ಯಂತ್ರವನ್ನು ತಂದುಕೊಟ್ಟಿದ್ದ. ಹುಡುಗನಿಗೆ ಹದಿನೇಳು ವರ್ಷ, ದ್ವಿತೀಯ ಪಿ.ಯು.ಸಿ. ಅದನ್ನು ನಡುಮನೆಯ 32 ಇಂಚಿನ ಟಿ.ವಿ.ಗೆ ಜೋಡಿಸಿದರೆ ಅಜ್ಜಿಯ ಧಾರಾವಾಹಿಗೂ ಆಟಕ್ಕೂ ಜಗಳ. ಅವನು ತನ್ನ ಕೋಣೆಗೆ ಹಳೆಯ ಕಂಪ್ಯೂಟರಿನ ಪುಟ್ಟ ಪರದೆಯೊಂದನ್ನು ಒಯ್ದು, ಬಾಗಿಲು ಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಆಡತೊಡಗಿದ. ಊಟಕ್ಕೆ ಕರೆದರೆ ಕೇಳಿಸದು. ಮೂರು ತಿಂಗಳಲ್ಲಿ ಅವನ ಧ್ವನಿ ನಮಗೆ ಅಪರೂಪವಾಯಿತು. ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುವ ಮನೆಯಲ್ಲಿ ಅವನೊಬ್ಬನ ತಟ್ಟೆ ಮುಚ್ಚಿ ಇಟ್ಟಿರುವುದು ರೂಢಿಯಾಯಿತು. ನನ್ನ ಸೊಸೆ ಒಂದು ದಿನ ಮೆಲ್ಲಗೆ ಹೇಳಿದಳು: “ಮಾವ, ದೊಡ್ಡದೊಂದು ಟಿ.ವಿ. ನಡುಮನೆಗೇ ತಂದುಬಿಡೋಣ. ಆಡುವುದಾದರೆ ನಮ್ಮೆಲ್ಲರ ಎದುರಿಗೆ ಆಡಲಿ.”

ನಾನು ಪುಸ್ತಕ ತೆಗೆದು ಹನ್ನೊಂದನೆಯ ಸಾಲನ್ನು ತೋರಿಸಿದೆ. ಹಳೆಯದನ್ನು ಯಾರಿಗಾದರೂ ಕೊಟ್ಟರೆ ಒಂದು ಒಂದಾಗಿಯೇ ಉಳಿಯುತ್ತದೆ ಎಂದಳು. ಒಳಗಿನಿಂದ ನನ್ನ ಶ್ರೀಮತಿಯವರು, “ಒಂದು ಎಂದು ಬರೆದಿದ್ದೀರಿ, ಎಷ್ಟು ಇಂಚು ಎಂದು ಬರೆದಿಲ್ಲವಲ್ಲ!” ಎಂದು ನಕ್ಕರು. ನಗುವಿನ ಮಾತೇ ಆದರೂ ನನಗೆ ಚುಚ್ಚಿತು. ಸಂಖ್ಯೆಯನ್ನು ಕಾಪಾಡಿಕೊಂಡು ಗಾತ್ರವನ್ನು ಬೆಳೆಸುವುದು ನಮ್ಮಂಥ ವರ್ತಕರಿಗೆ ತಿಳಿಯದ ವಿದ್ಯೆಯೇನಲ್ಲ. ಒಂದೇ ಮನೆ ಎಂದು ವ್ರತ ಹಿಡಿದು ಮೇಲೆ ಮೂರು ಅಂತಸ್ತು ಕಟ್ಟಿದವರನ್ನು ಕಂಡಿದ್ದೇನೆ.

ಮೊಮ್ಮಗ ಕೇಳಿದ್ದು 65 ಇಂಚು. ಅವನನ್ನು ಕರೆದುಕೊಂಡು ಜಯನಗರದ ಕಡೆ ಎರಡು ಮೂರು ಅಂಗಡಿಗಳನ್ನು ಸುತ್ತಿದೆ. ಅಂಗಡಿಯ ಕತ್ತಲೆಯ ಗೋಡೆಯ ಮೇಲೆ ಸಾಲಾಗಿ ಪರದೆಗಳು. ಪ್ರತಿಯೊಂದರಲ್ಲೂ ನವಿಲುಗರಿ, ಹಣ್ಣಿನ ಹೋಳು, ಸಮುದ್ರದ ಮೀನು. ಲೋಕದಲ್ಲಿ ಎಲ್ಲಿಯೂ ಕಾಣದಂಥ ಬಣ್ಣ. ಇದು ಪ್ರದರ್ಶನಕ್ಕೆಂದೇ ಇರುವ ಸ್ಥಿತಿ, ಮನೆಗೆ ಒಯ್ದ ಮೇಲೆ ಹೀಗಿರದು ಎಂದು ಮೊಮ್ಮಗ ಪಿಸುಗುಟ್ಟಿದ. ನನಗೆ ಥಟ್ಟನೆ ನನ್ನ ಚಿಕ್ಕಪೇಟೆಯ ಬಟ್ಟೆ ಅಂಗಡಿ ನೆನಪಾಯಿತು. ಸೀರೆಯ ಬಣ್ಣ ಎದ್ದು ಕಾಣಲೆಂದು 1988ರಲ್ಲಿ ನಾನೂ ಹಾಸಿನ ಮೇಲ್ಗಡೆ ವಿಶೇಷ ದೀಪಗಳನ್ನು ಹಾಕಿಸಿದ್ದೆ. ತಿಳಿದ ಹೆಂಗಸರು ಸೀರೆಯನ್ನು ಬಾಗಿಲಿನ ಬೆಳಕಿಗೆ ಒಯ್ದು ನೋಡುತ್ತಿದ್ದರು. ತಿಳಿಯದವರು ಹಾಗೇ ಕಟ್ಟಿಸಿಕೊಂಡು ಹೋಗುತ್ತಿದ್ದರು. ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಉಮಾಸ್ವಾತಿ ಆಚಾರ್ಯರು ಪ್ರತಿರೂಪಕ ವ್ಯವಹಾರವನ್ನು ಹೇಳುತ್ತಾರೆ. ಅಂದರೆ ಒಂದನ್ನು ಇನ್ನೊಂದರಂತೆ ತೋರಿಸಿ ಮಾರುವುದು. ದೀಪ ಹಾಕುವುದು ಅದರ ಗಡಿಯೊಳಗೆ ಬರುತ್ತದೆಯೋ ಇಲ್ಲವೋ ಎಂದು ಆಗ ನಾನು ಯೋಚಿಸಿರಲಿಲ್ಲ. ಮೂವತ್ತೇಳು ವರ್ಷಗಳ ಮೇಲೆ ಗಿರಾಕಿಯಾಗಿ ನಿಂತಾಗ ಯೋಚಿಸಿದೆ.

ಅಂಗಡಿಯ ಹುಡುಗನನ್ನು ಕೇಳಿಕೊಂಡು ಎರಡು ಟಿ.ವಿ.ಗಳನ್ನು ಮನೆಯ ಸ್ಥಿತಿಗೆ ತಂದು, ಮೇಲಿನ ದೀಪಗಳನ್ನೂ ಹಾಕಿಸಿದೆ. ದುಬಾರಿಯದಕ್ಕೂ ಮಧ್ಯಮ ಬೆಲೆಯದಕ್ಕೂ ಇದ್ದ ಅಂತರದಲ್ಲಿ ಅರ್ಧ ಮಾಯವಾಯಿತು. ಒ.ಎಲ್.ಇ.ಡಿ. ಎಂಬುದರಲ್ಲಿ ಪ್ರತಿಯೊಂದು ಬಿಂದುವೂ ತಾನೇ ಬೆಳಗುತ್ತದೆ, ತಾನೇ ಆರುತ್ತದೆ. ಆದ್ದರಿಂದ ಅದರ ಕಪ್ಪು ನಿಜವಾದ ಕಪ್ಪು. ಆದರೆ ಬಿಸಿಲು ಬೀಳುವ ಕೋಣೆಯಲ್ಲಿ ಅದು ಸ್ವಲ್ಪ ಮಂಕಾಗುತ್ತದೆ. ಆಟದಲ್ಲಿ ಅಂಕಗಳ ಪಟ್ಟಿಯಂತೆ ಒಂದೇ ಚಿತ್ರ ಒಂದೇ ಜಾಗದಲ್ಲಿ ದಿನವೂ ಗಂಟೆಗಟ್ಟಲೆ ನಿಂತರೆ ಕಾಲಕ್ರಮದಲ್ಲಿ ಅದರ ಕಲೆ ಉಳಿಯುವ ಸಂಭವವೂ ಉಂಟು. ನಮ್ಮ ನಡುಮನೆಗೆ ಹಿಂಬದಿಯಿಂದ ಬೆಳಗುವ ಎಲ್.ಇ.ಡಿ.ಯೇ ಸಾಕೆಂದು ಇಬ್ಬರಿಗೂ ತೋರಿತು.

ಆಟಕ್ಕೆ ಮುಖ್ಯವಾದದ್ದು ಬಣ್ಣವಲ್ಲವಂತೆ, ವೇಗವಂತೆ. ಸಾಧಾರಣ ಟಿ.ವಿ. ಸೆಕೆಂಡಿಗೆ 60 ಚಿತ್ರಗಳನ್ನು ತೋರಿಸುತ್ತದೆ. ಆಟಕ್ಕೆ ಒಳ್ಳೆಯದೆನಿಸಿಕೊಂಡದ್ದು 120. ಮೊದಲನೆಯದರಲ್ಲಿ ಒಂದು ಚಿತ್ರದ ಆಯುಸ್ಸು 16.7 ಮಿಲಿಸೆಕೆಂಡು, ಎರಡನೆಯದರಲ್ಲಿ 8.3. ಇದಲ್ಲದೆ ಗುಂಡಿಯನ್ನು ಒತ್ತಿದ್ದಕ್ಕೂ ಪರದೆಯಲ್ಲಿ ಅದರ ಫಲ ಕಾಣುವುದಕ್ಕೂ ನಡುವೆ ಒಂದು ವಿಳಂಬವಿದೆ. ಟಿ.ವಿ. ಚಿತ್ರವನ್ನು ತಿದ್ದಿ ತೀಡಿ ಅಂದಗೊಳಿಸುವುದಕ್ಕೆ ತೆಗೆದುಕೊಳ್ಳುವ ಸಮಯ ಅದು. ಗೇಮ್ ಮೋಡ್ ಎಂಬುದನ್ನು ಹಾಕಿದರೆ ಆ ಅಲಂಕಾರವನ್ನು ಬಹುಮಟ್ಟಿಗೆ ಕೈಬಿಟ್ಟು, ಬಂದದ್ದನ್ನು ಬಂದಂತೆ ಬೇಗ ತೋರಿಸುತ್ತದೆ. ಕರ್ಮಬಂಧಕ್ಕೂ ಅದರ ಉದಯಕ್ಕೂ ನಡುವಣ ಅವಧಿಯನ್ನು ನಮ್ಮ ಶಾಸ್ತ್ರದಲ್ಲಿ ಆಬಾಧಾಕಾಲ ಎನ್ನುತ್ತಾರೆ, ಟಿ.ವಿ.ಗೂ ಒಂದು ಆಬಾಧಾಕಾಲವಿದೆಯಲ್ಲಪ್ಪ ಎಂದೆ. “ಹೌದು ತಾತ, ಅದು ಕಡಿಮೆ ಇದ್ದಷ್ಟೂ ಒಳ್ಳೆಯದು” ಎಂದ. ಕರ್ಮದ ವಿಷಯದಲ್ಲೂ ಹಾಗೆಯೇ ಇದ್ದಿದ್ದರೆ ಜನ ಎಷ್ಟೋ ಎಚ್ಚರವಾಗಿರುತ್ತಿದ್ದರು!

ಗಾತ್ರದ ಪ್ರಶ್ನೆಯನ್ನು ಟೇಪು ತೀರ್ಮಾನಿಸಿತು. ನಮ್ಮ ಕುಳಿತುಕೊಳ್ಳುವ ಜಾಗಕ್ಕೂ ಗೋಡೆಗೂ ಏಳೂವರೆ ಅಡಿ. ಇಂಚೆಂದರೆ ಮೂಲೆಯಿಂದ ಮೂಲೆಗೆ ಅಳೆದದ್ದು. ಅದರ ಒಂದೂವರೆಪಟ್ಟು ದೂರ ಕುಳಿತರೆ ಕಣ್ಣಿಗೆ ಹಿತ ಎಂಬುದು ಬಲ್ಲವರ ಲೆಕ್ಕ. 55ಕ್ಕೆ ಸುಮಾರು ಏಳಡಿ ಆಯಿತು. 65ಕ್ಕೆ ಎಂಟಡಿ ದಾಟಿತು. ಮೊಮ್ಮಗ, ಒಂದುಪಟ್ಟಿನ ಮೇಲೆ ಸ್ವಲ್ಪ ಇದ್ದರೂ ಸಾಕೆನ್ನುವವರು ಇದ್ದಾರೆಂದು ವಾದಿಸಿದ. ಅಷ್ಟಲ್ಲದೆ 65ರ ಅಗಲ 144 ಸೆಂಟಿಮೀಟರ್. ಅದನ್ನು ತೂಗುಹಾಕಬೇಕಾದರೆ ಗೋಡೆಯ ಮೇಲಿರುವ ಭಗವಾನ್ ಪಾರ್ಶ್ವನಾಥರ ಚಿತ್ರಪಟವನ್ನು ಬೇರೆಡೆಗೆ ಸರಿಸಬೇಕಾಗಿತ್ತು. ವಾದ ಅಲ್ಲಿಗೆ ನಿಂತಿತು.

ಬೆಲೆಯ ಬಗ್ಗೆ ಒಂದು ಮಾತು, ಬಿ.ಕಾಂ. ಓದಿದವನ ಚಪಲಕ್ಕೆ. 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇಕಡ 28ರಿಂದ 18ಕ್ಕೆ ಇಳಿಯಿತು. ಬೆಲೆಯೂ ಶೇಕಡ 10 ಇಳಿಯಬೇಕೆಂದು ಅಂಗಡಿಯಲ್ಲಿ ಒಬ್ಬರು ಜಗಳ ತೆಗೆದಿದ್ದರು. ಮೂಲಬೆಲೆ 50,000 ಇದ್ದರೆ ತೆರಿಗೆಸಹಿತ 64,000 ಇದ್ದದ್ದು 59,000 ಆಗುತ್ತದೆ. ಕಡಿತ ಶೇಕಡ 7.8 ಮಾತ್ರ. ಅವರಿಗೆ ಕಾಗದದ ಮೇಲೆ ಬರೆದು ತೋರಿಸಿದೆ. ಅವರಿಗೂ ಸಮಾಧಾನವಾಗಲಿಲ್ಲ, ಅಂಗಡಿಯವರಿಗೂ ನಾನು ಬೇಕಾಗಿರಲಿಲ್ಲ.

ಇನ್ನು ನಿಜವಾದ ಕಷ್ಟದ ಮಾತಿಗೆ ಬರುತ್ತೇನೆ. ಅವನು ಆಡುವ ಆಟಗಳಲ್ಲಿ ಕಾಲ್ಚೆಂಡು ಇತ್ತು, ಕಾರೋಟ ಇತ್ತು. ಬಂದೂಕಿನ ಆಟವೂ ಇತ್ತು. ಮನುಷ್ಯರ ಆಕೃತಿಗಳನ್ನು ಗುರಿಯಿಟ್ಟು ಬೀಳಿಸುವುದು. ನಾನು ಅವನಿಗೆ ಜನ್ನಕವಿಯ ಯಶೋಧರ ಚರಿತೆಯ ಕಥೆಯನ್ನು ಹೇಳಿದೆ. 1209ರಲ್ಲಿ ರಚಿತವಾದ ಕಾವ್ಯ. ಪ್ರಾಣಿವಧೆ ಮಾಡಲೊಲ್ಲದ ಯಶೋಧರ ತಾಯಿಯ ಬಲವಂತಕ್ಕೆ ಹಿಟ್ಟಿನ ಕೋಳಿಯನ್ನು ಬಲಿಗೊಡುತ್ತಾನೆ. ಅಲ್ಲಿ ರಕ್ತವಿಲ್ಲ, ಪ್ರಾಣವಿಲ್ಲ. ಇದ್ದದ್ದು ಕೊಲ್ಲುವ ಸಂಕಲ್ಪ ಮಾತ್ರ. ಅದೊಂದಕ್ಕೇ ತಾಯಿ ಮಗ ಇಬ್ಬರೂ ಪಶುಪಕ್ಷಿಗಳಾಗಿ ಜನ್ಮಜನ್ಮಾಂತರ ತೊಳಲಬೇಕಾಯಿತು. ನಿನ್ನ ಪರದೆಯ ಮೇಲಿರುವುದು ಬೆಳಕಿನಿಂದ ಮಾಡಿದ ಹಿಟ್ಟಿನ ಕೋಳಿಯಲ್ಲವೇ ಎಂದು ಕೇಳಿದೆ.

ಹುಡುಗ ಸುಮ್ಮನಾಗುತ್ತಾನೆಂದು ಎಣಿಸಿದ್ದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, “ತಾತ, ಬಾಹುಬಲಿ ಕಥೆಯನ್ನೂ ನೀವೇ ಹೇಳಿದ್ದು. ಎರಡು ಸೈನ್ಯ ಬಡಿದಾಡಿದರೆ ಜನ ಸಾಯುತ್ತಾರೆ ಅಂತ ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಇಡಿಸಿದರು. ಯುದ್ಧವನ್ನೇ ಆಟ ಮಾಡಿದರು, ಯಾರೂ ಸಾಯಲಿಲ್ಲ. ಅದು ಸರಿ ಅಂದಮೇಲೆ ಇದು ಹೇಗೆ ತಪ್ಪು?” ಎಂದ. ಮುಂದುವರಿದು, “ಪಂಪ ಆದಿಪುರಾಣವನ್ನೂ ಬರೆದ, ಕುರುಕ್ಷೇತ್ರದ ಯುದ್ಧವನ್ನೂ ಬರೆದ. ಅದನ್ನು ಓದಿದವರಿಗೆ ಪಾಪ ಬಂತಾ?” ಎಂದ.

ನಾನು ಉತ್ತರಿಸಿದೆ. ಯಶೋಧರನಲ್ಲಿ ಫಲಾಪೇಕ್ಷೆಯಿತ್ತು, ಬಲಿಯ ಬುದ್ಧಿಯಿತ್ತು. ಬಾಹುಬಲಿಯಲ್ಲಿ ಅಣ್ಣನನ್ನು ಕೊಲ್ಲುವ ಬುದ್ಧಿಯಿರಲಿಲ್ಲ. ಗೆದ್ದ ಮೇಲೆ ಗೆದ್ದದ್ದನ್ನೇ ಬಿಟ್ಟು ತಪಸ್ಸಿಗೆ ನಡೆದ. ಆಟದಲ್ಲಿ ನಿನ್ನ ಮನಸ್ಸು ಯಾವ ಕಡೆ ಇರುತ್ತದೆ ಎಂದು ಕೇಳಿದೆ. ಅವನು, “ಸ್ಕೋರ್ ಕಡೆ” ಎಂದ. ಅದು ನಿಜವೇ ಇರಬಹುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ಐದಾಗಿ ಎಣಿಸಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಆ ರಾತ್ರಿ ಒಂದೊಂದನ್ನೇ ಹಚ್ಚಿ ನೋಡಿದೆ. ಆಯುಧವನ್ನು ಒದಗಿಸುವ ಹಿಂಸಾದಾನ ಇದಲ್ಲ, ಆಯುಧವೇ ಇಲ್ಲ. ದುಃಶ್ರುತಿ ಸ್ವಲ್ಪ ಇದೆ. ಪ್ರಮಾದ, ಅಂದರೆ ಹೊತ್ತಿನ ಪರಿವೆಯಿಲ್ಲದಿರುವುದು, ಬೇಕಾದಷ್ಟಿದೆ. ಅಪಧ್ಯಾನ, ಅಂದರೆ ಇನ್ನೊಬ್ಬನಿಗೆ ಕೇಡು ಬಗೆಯುವುದು, ಇದೆಯೋ ಇಲ್ಲವೋ ಹೊರಗಿನಿಂದ ನಿರ್ಣಯಿಸಲಾರೆ ಎಂದು ಮಲಗಿದೆ.

ದೀಪಾವಳಿಯ ನಿರ್ವಾಣಪೂಜೆ ಮುಗಿದ ವಾರ 55 ಇಂಚಿನದು ಮನೆಗೆ ಬಂತು. 120ರ ವೇಗದ್ದು, ಅದನ್ನು ತಾಳುವ ಎಚ್.ಡಿ.ಎಂ.ಐ. 2.1 ಜೋಡಣೆಯದು. ಹಳೆಯ 32 ಇಂಚನ್ನು ನಮ್ಮ ಬಸದಿಯ ಸಭಾಭವನಕ್ಕೆ ಕೊಡೋಣವೆಂದರೆ ಅಲ್ಲಿ ಆಗಲೇ ದಾನವಾಗಿ ಬಂದವು ಮೂರು ಇದ್ದವು. (ಟ್ರಸ್ಟಿನ ಬಂಧುಗಳು ಕ್ಷಮಿಸಬೇಕು: ಒಂದನ್ನು ಅಭಿಷೇಕ ಕಾಣದ ಹಿಂದಿನ ಸಾಲಿನ ವೃದ್ಧರಿಗಾಗಿ ಹಾಕಿದರೆ ಉಪಕಾರ; ಉಳಿದ ಎರಡು ದಾನಿಗಳ ಹೆಸರನ್ನು ತೋರಿಸುವುದಕ್ಕಷ್ಟೆ ಇವೆ.) ಕಡೆಗೆ ನಮ್ಮ ಕಟ್ಟಡದ ಕಾವಲುಗಾರರ ಮನೆಗೆ ಹೋಯಿತು.

ಹೊಸದರ ಪೆಟ್ಟಿಗೆಯನ್ನು ಇಡಲು ಅಟ್ಟ ಹತ್ತಿದ ಮಗ ಅಲ್ಲಿಂದಲೇ, “ಅಪ್ಪಾಜಿ, ಇಲ್ಲೊಂದು ಇದೆ” ಎಂದು ಕೂಗಿದ. 1996ರ ವಿಶ್ವಕಪ್ ಕಾಲದಲ್ಲಿ ಕೊಂಡಿದ್ದ 21 ಇಂಚಿನ ಹಳೆಯ ಗಾಜಿನ ಕೊಳವೆಯ ಟಿ.ವಿ.! ಕೆಟ್ಟು ಎಷ್ಟೋ ವರ್ಷವಾಗಿತ್ತು. ಮಾರಲು ಮನಸ್ಸು ಬಾರದೆ ಮೇಲಿಟ್ಟು ಮರೆತಿದ್ದೆ. ಅಂದರೆ ‘ಒಂದು’ ಎಂದು ಬರೆದ ದಿನವೇ ನನ್ನಲ್ಲಿ ಎರಡಿದ್ದವು. ಕೆಟ್ಟದ್ದು ಲೆಕ್ಕಕ್ಕೆ ಬರುವುದಿಲ್ಲವೆಂದು ಲೆಕ್ಕಿಗ ವಾದಿಸಬಹುದು. ಮೂರ್ಛೆಯೇ ಪರಿಗ್ರಹವೆಂದು ಕಲಿತವನು ವಾದಿಸಲಾರ. ಅದರ ಗಾಜಿನಲ್ಲಿ ಸೀಸವಿರುವುದರಿಂದ ಗುಜರಿಯವನಿಗೆ ಕೊಡದೆ ಇ-ತ್ಯಾಜ್ಯದ ನೋಂದಾಯಿತ ಸಂಸ್ಕರಣೆಯವರಿಗೆ ಒಪ್ಪಿಸಿದೆವು.

ಮೊಮ್ಮಗನಿಗೆ ನಾನು ಯಮವನ್ನು ಹೇರಲಿಲ್ಲ, ನಿಯಮವನ್ನು ಕೇಳಿದೆ. ಯಾವಜ್ಜೀವದ್ದು ಯಮ, ಗೊತ್ತಾದ ಅವಧಿಯದು ನಿಯಮ. ಅವನೇ ಹೇಳಿದ: ಅಷ್ಟಮಿ, ಚತುರ್ದಶಿ ಮತ್ತು ದಶಲಕ್ಷಣ ಪರ್ವದಲ್ಲಿ ಆಟವಿಲ್ಲ, ಪರೀಕ್ಷೆಯವರೆಗೆ ದಿನಕ್ಕೆ ಒಂದು ಗಂಟೆ, ಊಟವಾದ ಮೇಲೆ. ಬಂದೂಕಿನ ಆಟವನ್ನು ಬಿಡುತ್ತೇನೆಂದು ಹೇಳಲಿಲ್ಲ. ನಾನೂ ಒತ್ತಾಯಿಸಲಿಲ್ಲ; ಬಾಗಿಲು ಮತ್ತೆ ಮುಚ್ಚೀತೆಂಬ ಭಯ ನನಗಿತ್ತು.

ಎರಡನೆಯ ವಾರದ ಒಂದು ಸಂಜೆ ಅವನ ಪಕ್ಕದಲ್ಲಿ ಕುಳಿತಿದ್ದೆ. ಅವನ ಪಾತ್ರ ಒಂದು ಮುರುಕು ಗೋಡೆಯ ಹಿಂದೆ ಅವಿತಿತ್ತು. ಎಡಗಡೆಯಿಂದ ಎದುರಾಳಿಯೊಬ್ಬ ಬರುತ್ತಿದ್ದುದು ಅವನ ಗಮನಕ್ಕೆ ಬರುವ ಮೊದಲು ನನಗೆ ಕಂಡಿತು. “ಹೊಡಿ, ಹೊಡಿ, ಎಡಗಡೆ!” ಎಂದು ಕೂಗಿದೆ. ಅವನು ಹೊಡೆದ, ಆಕೃತಿ ಬಿತ್ತು, ನನ್ನ ಎದೆಯಲ್ಲಿ ಒಂದು ಸಂತೋಷ ಎದ್ದಿತು. ಅದು ಸಂತೋಷವೇ, ಬೇರೆ ಹೆಸರಿಲ್ಲ. ಅಡುಗೆಮನೆಯಿಂದ ಸೊಸೆ ಇಣುಕಿದಳು. ಮೊಮ್ಮಗ ತಿರುಗಿ ನನ್ನ ಮುಖ ನೋಡಿದ. ನಗಲಿಲ್ಲ. ಆಟವನ್ನು ನಿಲ್ಲಿಸಿ, “ತಾತ, ಹಿಟ್ಟಿನ ಕೋಳಿ” ಎಂದಷ್ಟೇ ಹೇಳಿದ.

ಅಂದು ರಾತ್ರಿಯ ಆಲೋಚನಾಪಾಠದಲ್ಲಿ ಅದನ್ನು ಹೇಳಿಕೊಂಡೆ. ಆಮೇಲೆ ಪುಸ್ತಕ ತೆಗೆದು ಹನ್ನೊಂದನೆಯ ಸಾಲಿನ ಮುಂದೆ ‘55 ಇಂಚಿಗೆ ಮೀರದಂತೆ’ ಎಂದು ಸೇರಿಸಿದೆ. ಅದರ ಕೆಳಗೆ ಇನ್ನೇನೋ ಬರೆಯಬೇಕೆಂದು ಲೇಖನಿ ಹಿಡಿದು ಬಹಳ ಹೊತ್ತು ಕುಳಿತಿದ್ದೆ. ವಸ್ತುಗಳ ಪುಟದಲ್ಲಿ ಅದಕ್ಕೆ ಜಾಗವಿರಲಿಲ್ಲ.

ಮರುದಿನ ಹುಡುಗ ಎರಡನೆಯ ಹಿಡಿಕೆಯೊಂದನ್ನು ನನ್ನ ಕೈಗಿತ್ತು, “ಇವತ್ತು ಫುಟ್‌ಬಾಲ್, ನೀವೂ ಆಡಿ” ಎಂದ. ಆರು ಗೋಲುಗಳಿಂದ ಸೋತೆ. ಗುಂಡಿ ಒತ್ತುವುದು ನನಗೆ ತಡವಾಗುತ್ತದೆ; ಟಿ.ವಿ.ಯ ದೋಷವಲ್ಲ.